ಬಾಟಲಿ ಕೊರಳಿನ ದಾರ

ರಸಾಯನಶಾಸ್ತ್ರದಲ್ಲಿ ನನ್ನನ್ನು ಫೇಲು ಮಾಡಿದವರು ಜೀವನದಲ್ಲಿ ಒಬ್ಬರೇ. ಅವರು ಎಸ್ಸೆಸ್ಸೆಲ್ಸಿ ಪಾಸಾಗಿರಲಿಲ್ಲ. ಹಾನಗಲ್ಲಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದರು. ನಾನು ಎಂ.ಎಸ್ಸಿ. ಮುಗಿಸಿ, ಮೊದಲ ದರ್ಜೆಯ ಗತ್ತಿನಲ್ಲಿ ಅದೇ ಪ್ರಯೋಗಾಲಯಕ್ಕೆ ಬಂದ ಉಪನ್ಯಾಸಕ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಆಡೂರಿಗೆ ಮಣ್ಣಿಗೆ ಹೋಗಿ ಬಂದ ದಿನದಿಂದಲೂ ಏನಾದರೂ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಬರೆದದ್ದು ಕಂಡರೆ, "ಅದ್ಯಾಕ ಬರದೀರಿ? ನಾ ಏನ್ ಸತ್ತೇನೇನು?" ಎಂದು ರೇಗುತ್ತಿದ್ದರು. ಈಗ ನಿಜವಾಗಿಯೂ ಹೋಗಿದ್ದಾರೆ, ಆದರೂ ನನಗೆ ಧೈರ್ಯ ಸಾಲದು.

ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಅಕ್ಕಾರು ಎಂದು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುತ್ತಾರೆ. ಅಟೆಂಡರ್‌ಗೆ ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ, ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು. ಹುಟ್ಟಿದ್ದು ಸವಣೂರಿನ ಎಲೆತೋಟದ ಮನೆಯಲ್ಲಿ. ವೀಳ್ಯದೆಲೆಯ ಬಳ್ಳಿಗೆ ರೋಗ ಬಂದಾಗ ಅಪ್ಪ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಹೊಡೆಯುವುದನ್ನು ನೋಡುತ್ತ ಬೆಳೆದವರು. ಕೊಟ್ಟಿದ್ದು ಆಡೂರಿಗೆ. ಗಂಡ ನಮ್ಮ ಕಾಲೇಜಿನಲ್ಲೇ ಅಟೆಂಡರ್ ಆಗಿದ್ದವರು, ಮಗಳಿಗೆ ನಾಲ್ಕು ವರ್ಷವಿದ್ದಾಗ ತೀರಿಹೋದರು. ಅನುಕಂಪದ ಮೇಲೆ ಕೊಡುವ ನೌಕರಿ ಇವರಿಗೆ ಬಂತು. ಹೊಸದಾಗಿ ಬಂದ ಗುಮಾಸ್ತನೊಬ್ಬ ಅದನ್ನೇ ಹಿಡಿದು ಏನೋ ಚುಚ್ಚಿ ಮಾತಾಡಿದಾಗ, "ಅನುಕಂಪ ಒಂದ ದಿನದ್ದು ತಮ್ಮಾ, ನೌಕರಿ ಮೂವತ್ತ ವರ್ಷದ್ದು. ಮಾಡಿ ನೋಡು," ಅಂದರು. ಅವನು ಮತ್ತೆ ಆ ಮಾತು ತೆಗೆಯಲಿಲ್ಲ.

ಇಂಗ್ಲಿಷ್ ಚೀಟಿಗಳನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಬಾಟಲಿಗಳ ಕೊರಳಿಗೆ ದಾರ ಕಟ್ಟಿಟ್ಟಿದ್ದರು. ಹೂ ಕಟ್ಟುವ ದಾರ. ಆಮ್ಲಕ್ಕೆ ಕೆಂಪು, ಸ್ಪಿರಿಟ್ಟಿಗೆ ಬಿಳಿ. ಬಿಳಿ ದಾರದ ಒಂದು ತುದಿಯನ್ನು ಬಾಲದ ಹಾಗೆ ಇಳಿಬಿಟ್ಟು, ಅದರಲ್ಲಿ ಗಂಟು ಹಾಕುತ್ತಿದ್ದರು. ಸ್ಪಿರಿಟ್ಟಿನಲ್ಲಿ ಸ್ವಲ್ಪ ನೀರು ಬೆರೆತಿದ್ದರೆ ಒಂದು ಗಂಟು, ಇನ್ನೂ ಇದ್ದರೆ ಎರಡು, ಬಹಳ ಇದ್ದರೆ ಮೂರು. ನೀರೇ ಇಲ್ಲದ ಶುದ್ಧ ಸ್ಪಿರಿಟ್ಟಿನ ಬಾಟಲಿಗೆ ಬರೀ ದಾರ, ಬಾಲಕ್ಕೆ ಗಂಟಿಲ್ಲ.

ಎಷ್ಟು ನೀರಿದೆ ಎಂದು ತಿಳಿಯಲು ಮೈಲುತುತ್ತ ಇತ್ತಲ್ಲ. ಅದರ ನೀಲಿ ಹರಳನ್ನು ಕಬ್ಬಿಣದ ಸೌಟಿನಲ್ಲಿ ಹುರಿದರೆ ಒಳಗಿನ ನೀರು ಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಒಂದು ಹನಿ ಸ್ಪಿರಿಟ್ಟು ಬಿಟ್ಟರೆ, ನೀರಿದ್ದಷ್ಟು ನೀಲಿ. ನೀರಿಲ್ಲದಿದ್ದರೆ ಬಿಳಿ ಬಿಳಿಯಾಗೇ ಉಳಿಯುತ್ತದೆ. ಇದನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಅವರು ಮಾತ್ರ ಪ್ರತಿ ಹೊಸ ಬಾಟಲಿ ಒಡೆದಾಗಲೂ ಮಾಡಿ ನೋಡುತ್ತಿದ್ದರು. ಕಂಪನಿಯ ಸೀಲು ಇದ್ದರೂ ಅಷ್ಟೇ. "ಚೀಟಿ ಬರದವರು ಎಲ್ಲಿದ್ದಾರೋ ಏನೋ. ಮೈಲುತುತ್ತ ನನ್ನ ಕಣ್ಣ ಮುಂದ ಐತಿ," ಅನ್ನುತ್ತಿದ್ದರು.

"ಈ ದಾರ ಯಾಕ್ರಿ ಅಕ್ಕಾರ, ಒಂದು ಪೆನ್ನಿನಿಂದ ಗೆರೆ ಎಳೆದರೆ ಆಗದೇನು?" ಎಂದು ಮೊದಲ ವರ್ಷ ಕೇಳಿದ್ದೆ.

"ಸ್ಪಿರಿಟ್ಟು ತುಳುಕಿದ್ರ ಪೆನ್ನಿಂದು ಅಳಿಸಿ ಹೋಗ್ತೈತ್ರಿ ಸರ. ದಾರ ಎಲ್ಲಿ ಹೋಗ್ತೈತಿ?" ಎಂದವರು ತಮ್ಮ ಕೊರಳಿಗೆ ಬೆರಳು ತೋರಿಸಿದರು. "ನನ್ನ ಕೊಳ್ಳಾಗ ಶಿವದಾರ ಐತಿ, ಅದರ ಕೊಳ್ಳಾಗ ಇದು. ಇಬ್ಬರೂ ಹದ್ದಬಸ್ತಿನಾಗ ಇರಬೇಕು ನೋಡ್ರಿ."

ಅವರಿಗೆ ಹೊಗಳಲು ಬರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದೆ, ಒಮ್ಮೆಯೂ "ಚಲೋ ಮಾಡಿದ್ರಿ ಸರ" ಎಂಬ ಮಾತು ಆ ಬಾಯಿಂದ ಕೇಳಲಿಲ್ಲ. ಹುಡುಗಿಯೊಬ್ಬಳು ರಾಜ್ಯಕ್ಕೆ ಹೆಸರು ಬರುವಷ್ಟು ಅಂಕ ತೆಗೆದಾಗಲೂ, "ಗಾಜಿನ ಕೊಳವಿ ತೊಳದಿಡಾಕ ಮಾತ್ರ ಕಲೀಲಿಲ್ಲ ನೋಡ್ರಿ ಆಕಿ," ಅಂದಿದ್ದರು. ನಾನು ಪಾಠ ಮಾಡುವಾಗ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದರು. ತಪ್ಪು ಹೇಳಿದರೆ ಬಾಯಿ ಬಿಡುತ್ತಿರಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಸೆರಗು ಮೂಗಿಗೆ ಹೋಯಿತೆಂದರೆ ನಾನು ಬೋರ್ಡಿನ ಕಡೆ ತಿರುಗಿ ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದೆ. ಮಕ್ಕಳಿಗೂ ಈ ಗುಟ್ಟು ಗೊತ್ತಿತ್ತು, ಅವು ನನ್ನ ಬೋರ್ಡಿಗಿಂತ ಮೊದಲು ಅವರ ಸೆರಗನ್ನೇ ನೋಡುತ್ತಿದ್ದವು.

ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ನನ್ನ ಹೆಂಡತಿ, "ಖಾಲಿ ಕುಂದ್ರಬ್ಯಾಡ್ರಿ, ರೊಟ್ಟಿ ಬಡಿಯೂದ ಕಲೀರಿ," ಅಂದಳು. ನಾನು ಎಪಾಕ್ಸಿ ಕಲಿತೆ. ಒಂದು ಬಾಟಲಿಯಲ್ಲಿ ರೆಸಿನ್ ಎಂಬ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡನ್ನೂ ಅಳತೆಯಂತೆ ಬೆರೆಸಿ ಸುರಿದರೆ ಮರುದಿನಕ್ಕೆ ಗಾಜಿನ ಹಾಗೆ ಆಗುತ್ತದೆ. ಸವಣೂರಿನ ಎಲೆಯೊಂದನ್ನು ಅದರೊಳಗೆ ಕೂಡಿಸಿ ತಟ್ಟೆ ಮಾಡಿದೆ. ಬಹಳ ಹೆಮ್ಮೆಯಿಂದ ಕಾಲೇಜಿಗೆ ಒಯ್ದು ಅಕ್ಕಾರ ಮುಂದೆ ಇಟ್ಟೆ.

ಅವರು ತಿರುಗಿಸಿ ಮುರುಗಿಸಿ ನೋಡಿದರು. "ಎಲಿ ತಿನ್ನಾಕ ಇರೂದು ಸರ, ಹೂಳಾಕ ಅಲ್ಲ," ಅಂದರು. ಆಮೇಲೆ ತಟ್ಟೆಯನ್ನು ಬೆಳಕಿಗೆ ಹಿಡಿದು, "ಇಷ್ಟ್ಯಾಕ ಗುಳ್ಳಿ?"

ಗುಳ್ಳೆಯದೇ ನನ್ನ ತಾಪತ್ರಯ. ಎಪಾಕ್ಸಿ ಜೇನುತುಪ್ಪದಷ್ಟು ಮಂದ. ಒಳಗಿನ ಗಾಳಿ ಹೊರಗೆ ಬರುವುದಿಲ್ಲ, ಸಣ್ಣ ಸಂದಿಗೆ ಅದು ಇಳಿಯುವುದಿಲ್ಲ. ತೆಳ್ಳಗೆ ಮಾಡಲು ಆಲ್ಕೋಹಾಲು ಬೆರೆಸಬೇಕು ಎಂದು ಫೋನಿನ ವಿಡಿಯೊಗಳಲ್ಲಿ ಹೇಳುತ್ತಿದ್ದರು. ಯಾವ ಆಲ್ಕೋಹಾಲು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ನಾನು ಮನೆಯಲ್ಲಿದ್ದ ಸ್ಯಾನಿಟೈಸರ್, ಔಷಧ ಅಂಗಡಿಯ ಸ್ಪಿರಿಟ್ಟು, ಬಡಿಗೇರ ಅಂಗಡಿಯ ಪಾಲಿಶ್ ಸ್ಪಿರಿಟ್ಟು ಎಲ್ಲವನ್ನೂ ಹಾಕಿ ನೋಡಿದ್ದೆ. ಫೋನಿನಲ್ಲಿ ಗೆಳೆಯನ ಜೊತೆ "ಯಾವ ಆಲ್ಕೋಹಾಲು ಚಲೋ" ಎಂದು ದಿನಾ ಚರ್ಚೆ ಮಾಡುತ್ತಿದ್ದರೆ ಹೆಂಡತಿ, "ಮೆಲ್ಲಕ ಮಾತಾಡ್ರಿ, ಬಾಜೂದವರು ಏನ್ ತಿಳ್ಕೊಂಡಾರು," ಅನ್ನುತ್ತಿದ್ದಳು.

ಅಕ್ಕಾರು ನನ್ನ ಪಟ್ಟಿಯನ್ನೆಲ್ಲ ಕೇಳಿ ಸೆರಗನ್ನು ಮೂಗಿಗೆ ಒಯ್ದರು.

"ಸ್ಯಾನಿಟೈಸರ್ ಕೈಗಿ ಹಚ್ಚೂದ್ರಿ. ಅದರಾಗ ನೀರೈತಿ, ಮ್ಯಾಲ ಕೈ ಮೆತ್ತಗಿರಲಿ ಅಂತ ಜಿಗಟ ಬ್ಯಾರೆ ಹಾಕಿರ್ತಾರ. ದವಾಖಾನಿ ಸ್ಪಿರಿಟ್ಟಿನಾಗೂ ನೀರು. ಬಡಿಗ್ಯಾರದು ಡಬ್ಬಿಗೊಂದು ನಮೂನಿ, ಅದನ್ನ ನಂಬಾಕ ಬರೂದಿಲ್ಲ. ಮೊಬೈಲ್ ರಿಪೇರಿಯವರು ಬೋರ್ಡ ತೊಳಿಯಾಕ ಒಂದ ಸ್ಪಿರಿಟ್ಟ ಇಟ್ಕೊಂಡಿರ್ತಾರ ನೋಡ್ರಿ, ಅದು ಚಲೋ. ನೀರಿದ್ರ ಅವರ ಬೋರ್ಡ ಕೆಡ್ತೈತಿ, ಅದಕ್ಕ ಅವರು ಮೋಸ ಹೋಗಂಗಿಲ್ಲ. ನಮ್ಮಲ್ಲೂ ಐತಿ, ಗಂಟಿಲ್ಲದ್ದು."

ಅದು ಐಸೊಪ್ರೊಪೈಲ್ ಆಲ್ಕೋಹಾಲು, ನೀರಿಲ್ಲದ್ದು. ನಾನು ಇಡೀ ಇಂಟರ್ನೆಟ್ಟು ತಡಕಾಡಿ ಕೊನೆಗೆ ಮುಟ್ಟಿದ್ದೂ ಅಲ್ಲಿಗೇ. ಅವರು ಅಷ್ಟಕ್ಕೇ ಬಿಡಲಿಲ್ಲ.

"ಮದ್ಲ ಯಾಕ ಸ್ಪಿರಿಟ್ಟ ಹಾಕ್ತೀರಿ? ಬೆಲ್ಲದ ಪಾಕ ಗಟ್ಟಿ ಆತು ಅಂತ ನೀರ ಸುರದ್ರ ಉಂಡಿ ಕಟ್ಟಾಕ ಬರ್ತೈತೇನು? ಬಿಸಿ ಮಾಡ್ರಿ. ಬಿಸಿನೀರಾಗ ಬಾಟ್ಲಿ ಇಡ್ರಿ, ತಾನ ತೆಳ್ಳಗ ಆಕ್ಕೈತಿ. ಅದಕ್ಕೂ ಬಗ್ಗಲಿಲ್ಲಂದ್ರ ಆಮ್ಯಾಲ ನಾಕ ಹನಿ. ತೆಳ್ಳಗ ಮಾಡಿದಷ್ಟೂ ಬಲ ಕಡಿಮಿ ಸರ, ಮಜ್ಜಿಗಿ ಇದ್ದಂಗ."

ಎಪಾಕ್ಸಿಯನ್ನು ಅವರು ಕಂಡದ್ದೇ ಅಂದು. ನಾನು ಅಲ್ಲೇ ಬೆರೆಸಿ ತೋರಿಸಿದ ಬಟ್ಟಲನ್ನು ಮೂಸಿ, ಕಡ್ಡಿಯಲ್ಲಿ ಎಳೆ ಎಳೆದು ನೋಡಿ ಇಷ್ಟು ಹೇಳಿದ್ದರು. ಮುಂದಿನ ತಟ್ಟೆಯಲ್ಲಿ ಗುಳ್ಳೆ ಇರಲಿಲ್ಲ. ಒಯ್ದು ತೋರಿಸಿದೆ. "ಹೂಂ," ಅಂದರು, ಅಷ್ಟೇ.

ಅದರ ಮರುವರ್ಷ ಕಾಲೇಜಿಗೆ ತಪಾಸಣೆಯವರು ಬರುತ್ತಾರೆ ಎಂದಾಯಿತು. ನನಗೆ ಅಚ್ಚುಕಟ್ಟಿನ ಹುಚ್ಚು ಹಿಡಿಯಿತು. ಎಲ್ಲ ಬಾಟಲಿಗೂ ಕಂಪ್ಯೂಟರಿನಲ್ಲಿ ಚೀಟಿ ಮುದ್ರಿಸಿ, ನಾನೇ ಕೂತು ಅಂಟಿಸಿದೆ. ಬಣ್ಣಬಣ್ಣದ ದಾರಗಳು ಜೋತಾಡುವ ಬಾಟಲಿಗಳನ್ನು ನೋಡಿದರೆ ಬಂದವರು ನಕ್ಕಾರು ಅನ್ನಿಸಿತು. ಕತ್ತರಿ ತೆಗೆದುಕೊಂಡು ಒಂದೊಂದಾಗಿ ಕತ್ತರಿಸಿದೆ. ಅಕ್ಕಾರು ಪಕ್ಕದಲ್ಲೇ ನಿಂತಿದ್ದರು.

"ಎಲ್ಲಾ ಒಂದ ನಮೂನಿ ಕಾಣಾಕತ್ತಾವಲ್ರಿ ಸರ."

"ಹೆಸರು ಬರದೇನೆಲ್ರಿ ಅಕ್ಕಾರ. ಓದಿಕೊಂಡ್ರಾತು."

"ಹೆಸರ ಒಂದ ಇದ್ರ ಗುಣಾನೂ ಒಂದ ಇರ್ತೈತೇನು?"

ನಾನು ಮುಂದಿನ ದಾರಕ್ಕೆ ಕತ್ತರಿ ಹಾಕಿದೆ. ಅವರು ನೆಲದ ಮೇಲೆ ಬಿದ್ದ ದಾರಗಳನ್ನು ಒಂದೊಂದಾಗಿ ಆರಿಸಿ, ಎಲೆ ಅಡಿಕೆಯ ಸಂಚಿಯಲ್ಲಿ ಹಾಕಿಕೊಂಡರು. ತಪಾಸಣೆಯವರು ಬಂದರು, ಚೀಟಿಗಳನ್ನು ನೋಡಿ ಮೆಚ್ಚಿದರು, ಚಹಾ ಕುಡಿದು ಹೋದರು.

ಇನ್ನು ತೊಟ್ಟಿಲಿನ ಮಾತಿಗೆ ಬರುತ್ತೇನೆ. ಬರೆಯಲು ಇಷ್ಟವಿಲ್ಲ, ಆದರೆ ಅದಿಲ್ಲದೆ ಅಕ್ಕಾರ ಚಿತ್ರ ಪೂರ್ತಿಯಾಗುವುದಿಲ್ಲ.

ಅವರ ಒಬ್ಬಳೇ ಮಗಳನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಬಸಿರು ನಿಂತು ನಿಲ್ಲದೆ ಹೋಗಿತ್ತು. ಅತ್ತೆಯ ಮನೆಯಲ್ಲಿ ಮಾತು ಕೇಳಿ ಕೇಳಿ ಹುಡುಗಿ ಸೊರಗಿದ್ದಳು. ಮೂರನೆಯ ಸಲ ದಿನ ತುಂಬಿ, ಹಾನಗಲ್ಲಿನಲ್ಲೇ ಹೆಣ್ಣುಕೂಸು ಹುಟ್ಟಿತು. ಅಕ್ಕಾರು ಅಂದು ಕಾಲೇಜಿಗೆ ಬಂದು ಎಲ್ಲರಿಗೂ ಸಕ್ಕರೆ ಹಂಚಿದರು.

ನಮ್ಮ ಕಡೆ ಕೂಸು ಹುಟ್ಟುವ ಮೊದಲು ತೊಟ್ಟಿಲನ್ನು ಮುಟ್ಟುವುದಿಲ್ಲ, ತೊಳೆಯುವುದಿಲ್ಲ, ಅದರ ಮಾತೂ ಎತ್ತುವುದಿಲ್ಲ. ಹುಟ್ಟಿದ ಮೇಲೆ ಹದಿಮೂರನೆಯ ದಿನ ತೊಟ್ಟಿಲಕ್ಕೆ ಹಾಕಿ ಹೆಸರಿಡಬೇಕು. ತೊಟ್ಟಿಲು ತಾಯಿಯ ತವರಿನ ಕಡೆಯದೇ ಆಗಬೇಕು. ಹಾಗಾಗಿ ಸವಣೂರಿನಲ್ಲಿದ್ದ ಅಕ್ಕಾರ ಅಣ್ಣನ ಮನೆಯ ಅಟ್ಟದಿಂದ ಅದು ಕೆಳಗಿಳಿದದ್ದು ಕೂಸು ಹುಟ್ಟಿದ ಮೇಲೆ. ಸಾಗುವಾನಿಯ ಹಳೇ ತೊಟ್ಟಿಲು. ನಾಲ್ಕು ಮೂಲೆಗೆ ನಾಲ್ಕು ಕಡೆದ ಗೂಟ, ಗೂಟದ ತಲೆಗೆ ಕೊಂಡಿ, ಕೊಂಡಿಗೆ ಸರಪಳಿ ಹಾಕಿ ತೊಲೆಗೆ ತೂಗುಬಿಡುವುದು. ಅಕ್ಕಾರು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಏಳೂ ಮಂದಿ ಅದರಲ್ಲೇ ಮಲಗಿ ಎದ್ದವರು. ಇಳಿಸಿ ನೋಡಿದರೆ ಒಂದು ಗೂಟವನ್ನು ಹುಳ ತಿಂದಿತ್ತು. ಒತ್ತಿದರೆ ಕೊಂಡಿಯ ಸುತ್ತ ಹಿಟ್ಟು ಉದುರುತ್ತಿತ್ತು.

ಬಡಿಗ ನೋಡಿ ಕೈಯಾಡಿಸಿದ. "ಮೊಳಿ ಇಲ್ಲದ ಹಳೇ ಕೆಲಸ ಇದು. ಒಂದ ಗೂಟ ತಗದ್ರ ನಾಕೂ ಕಳಚತಾವ, ಮತ್ತ ಕೂಡಸಾಕ ನನ್ನಿಂದ ಆಗೂದಿಲ್ಲ," ಅಂದ.

"ಎಪಾಕ್ಸಿ ಐತೆಲ್ರಿ!" ಎಂದು ಜಿಗಿದವನು ನಾನು. ತೆಳ್ಳಗೆ ಮಾಡಿದ ಎಪಾಕ್ಸಿಯನ್ನು ಹುಳದ ತೂತುಗಳಿಗೆ ಕುಡಿಸಿದರೆ ಪುಡಿಯಾದ ಕಟ್ಟಿಗೆ ಒಳಗೊಳಗೇ ಕಲ್ಲಾಗುತ್ತದೆ. ಇದು ಸುಳ್ಳಲ್ಲ, ನಾನು ಮನೆಯ ಕಿಟಕಿಯೊಂದಕ್ಕೆ ಮಾಡಿ ನೋಡಿದ್ದೆ. ಅಕ್ಕಾರು ಗೂಟದ ಮೇಲೆ ಕೈಯಿಟ್ಟರು.

"ಸ್ಪಿರಿಟ್ಟು ಯಾವುದು ಹಾಕ್ತೀರಿ?"

"ಐಸೊಪ್ರೊಪೈಲ್. ನೀವ ಹೇಳಿದ್ದು."

"ನಾ ಬಂದ ಮೂಸಿ ಕೊಡ್ತೇನಿ. ಈಗ ದಾರ ಇಲ್ಲಲ್ರಿ."

"ನೀವು ಬಾಣಂತಿ ನೋಡ್ರಿ ಅಕ್ಕಾರ. ಚೀಟಿ ಐತಿ, ನಾನೂ ಅದನ್ನ ಕಲಿತವನ ಇದ್ದೇನಿ."

ತೊಟ್ಟಿಲನ್ನು ನಮ್ಮ ಹಿತ್ತಿಲಿಗೆ ತರಿಸಿಕೊಂಡು, ಕೂಸು ಹುಟ್ಟಿದ ಮೂರನೆಯ ದಿನ ಪ್ರಯೋಗಾಲಯಕ್ಕೆ ಹೋದೆ. ಕಪಾಟಿನಲ್ಲಿ ಎರಡು ಬಾಟಲಿ, ಎರಡರ ಮೇಲೂ ನನ್ನದೇ ಚೆಂದದ ಚೀಟಿ, ಎರಡಕ್ಕೂ ಅದೇ ಹೆಸರು. ಕೈಗೆ ಹತ್ತಿರವಿದ್ದದ್ದನ್ನು ತೆಗೆದುಕೊಂಡೆ. ಕೊರೋನಾ ಕಾಲದಲ್ಲಿ ಟೇಬಲ್ಲು ಒರೆಸಲೆಂದು ಒಂದರಲ್ಲಿ ಮೂರು ಪಾಲಿಗೆ ಒಂದು ಪಾಲು ನೀರು ಬೆರೆಸಿಟ್ಟಿದ್ದೆವು. ಆ ಬಾಟಲಿಯ ಕೊರಳಿನಲ್ಲಿ ಮೂರು ಗಂಟಿನ ದಾರ ಇತ್ತು. ಅದನ್ನು ಕತ್ತರಿಸಿದ ಕೈ ಇದೇ. ಸಾಲದ್ದಕ್ಕೆ, ಹೆಚ್ಚು ತೆಳ್ಳಗಾದಷ್ಟೂ ಹೆಚ್ಚು ಒಳಗೆ ಇಳಿಯುತ್ತದೆ ಎಂದು ಧಾರಾಳವಾಗಿ ಸುರಿದೆ. ಬಿಸಿನೀರು ಕಾಯಿಸುವ ಗೋಜಿಗೆ ಹೋಗಲಿಲ್ಲ.

ಮರುದಿನ ನೋಡಿದರೆ ಗೂಟದ ತುಂಬ ಬೆಳ್ಳಗೆ, ಗಿಣ್ಣದ ಹಾಗೆ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಒಣಗೀತು ಎಂದು ಬಿಸಿಲಿಗಿಟ್ಟೆ. ಐದನೆಯ ದಿನವೂ ಹಾಗೇ. ಅಕ್ಕಾರು ಫೋನು ಮಾಡಿ ಕೇಳಿದರೆ "ಒಣಗಾಕತ್ತೈತ್ರಿ" ಎಂದು ಸುಳ್ಳು ಹೇಳಿದೆ. ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಭಯ, ಆ ಕೊಂಡಿಯಿಂದ ಒಂದು ಕೂಸು ತೂಗಬೇಕಿತ್ತು.

ಆರನೆಯ ದಿನ ಅವರೇ ನಮ್ಮ ಮನೆಗೆ ಬಂದರು. ಹಿತ್ತಿಲಿಗೆ ಹೋಗಿ ಹೆಬ್ಬೆರಳಿನ ಉಗುರನ್ನು ಗೂಟಕ್ಕೆ ಒತ್ತಿದರು. ಉಗುರಿನ ಗುರುತು ಉಳಿಯಿತು. ಬೆರಳನ್ನು ಮೂಸಿದರು. "ಕಾಲೇಜಿಗೆ ನಡೀರಿ," ಅಂದರು.

ಪ್ರಯೋಗಾಲಯದಲ್ಲಿ ಸೌಟಿನಲ್ಲಿ ಮೈಲುತುತ್ತ ಹುರಿದು, ಬಿಳಿ ಪುಡಿಯನ್ನು ಎರಡು ಗಾಜಿನ ತಟ್ಟೆಗೆ ಹಾಕಿದರು. ಎರಡೂ ಬಾಟಲಿಯಿಂದ ಒಂದೊಂದು ಹನಿ. ಒಂದು ಬೆಳ್ಳಗೇ ಉಳಿಯಿತು. ಇನ್ನೊಂದು ನೀಲಿಯಾಯಿತು.

"ಯಾವುದ್ರಾಗಿಂದು ಹಾಕಿದ್ರಿ?"

ನೀಲಿಯ ಕಡೆ ಬೆರಳು ತೋರಿಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಸ್ಟೂಲಿನ ಮೇಲೆ ಕೂತು ಅತ್ತರು. ಗಂಡ ಸತ್ತಾಗಿನ ಕಥೆ ಹೇಳುವಾಗಲೂ ಅಳದವರು.

"ಒಂಬತ್ತ ವರ್ಷ ಕಾದ ಕೂಸ್ರಿ ಸರ," ಅಂದರು.

"ಹೊಸಾದು ತರ್ತೇನಿ ಅಕ್ಕಾರ. ಹುಬ್ಬಳ್ಳಿಗೆ ಇವತ್ತ ಹೋಗ್ತೇನಿ. ನನ್ನ ತಪ್ಪು, ನಾನ ತರ್ತೇನಿ."

"ತೊಟ್ಟಿಲ ಸಿಗ್ತೈತ್ರಿ. ನಮ್ಮವ್ವ ತೂಗಿದ ತೊಟ್ಟಿಲ ಹುಬ್ಬಳ್ಳ್ಯಾಗ ಯಾವ ಅಂಗಡ್ಯಾಗ ಸಿಗ್ತೈತಿ?"

ಕಣ್ಣೊರೆಸಿಕೊಂಡು ಎದ್ದರು. ಬೆಳ್ಳಗೆ ಉಳಿದ ತಟ್ಟೆಯ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. "ಇನ್ನ ಏಳ ದಿನ ಐತಿ. ಹೆರಿಯೂಣು ನಡೀರಿ."

ಎರಡು ದಿನ ಇಬ್ಬರೂ ಕೂತು ಆ ಗಿಣ್ಣವನ್ನು ಹೆರೆದೆವು. ಮೇಲಿನದನ್ನು ಬ್ಲೇಡಿನಿಂದ, ತೂತಿನೊಳಗಿನದನ್ನು ದಬ್ಬಣದಿಂದ. ಶುದ್ಧ ಸ್ಪಿರಿಟ್ಟಿನಲ್ಲಿ ಹಳೇ ಧೋತರದ ಚಿಂದಿ ಅದ್ದಿ ಮತ್ತೆ ಮತ್ತೆ ಒರೆಸಿದೆವು. ಮಧ್ಯೆ ಅವರು ಓಡಿಹೋಗಿ ಬಾಣಂತಿಗೆ ಉಣ್ಣಲಿಕ್ಕಿ ಬರುತ್ತಿದ್ದರು. ಒಂದಿಡೀ ದಿನ ಬಿಸಿಲಿಗಿಟ್ಟು, ಕಟ್ಟಿಗೆಯೊಳಗಿನ ತೇವ ಆರಿದ ಮೇಲೆ ಬಿಸಿನೀರಿನಲ್ಲಿ ಎಪಾಕ್ಸಿ ಬಾಟಲಿ ಇಟ್ಟರು. ರೆಸಿನ್ನೂ ಹಾರ್ಡನರ್ರೂ ಚೆನ್ನಾಗಿ ಬೆರೆತ ಮೇಲೆ ಸ್ಪಿರಿಟ್ಟನ್ನು ಅವರೇ ಹನಿಹನಿಯಾಗಿ ಎಣಿಸಿ ಹಾಕಿದರು. ನನ್ನ ಕೈಗೆ ಸಿರಿಂಜು ಕೊಟ್ಟರು.

"ಅವಸರ ಮಾಡಬ್ಯಾಡ್ರಿ. ಕೂಸಿಗೆ ಔಷಧ ಕುಡಸ್ದಂಗ ಕುಡಸ್ರಿ."

ಒಂದು ತೂತು ಕುಡಿದು ಮುಗಿಸುವವರೆಗೆ ಕಾದು ಇನ್ನೊಂದು. ಮರುದಿನ ಸ್ಪಿರಿಟ್ಟೇ ಇಲ್ಲದ ಎಪಾಕ್ಸಿಗೆ ಸಾಗುವಾನಿಯ ಪುಡಿ ಕಲಸಿ ಮೇಲಿನ ಕುಳಿಗಳನ್ನು ತುಂಬಿದೆವು. ಹನ್ನೆರಡನೆಯ ದಿನ ಅವರು ಮತ್ತೆ ಉಗುರು ಒತ್ತಿದರು. ಈ ಸಲ ಬಾಗಿದ್ದು ಉಗುರು. ನಾನು ಅವರ ಮುಖ ನೋಡಿದೆ. "ಹೂಂ," ಅಂದರು.

ಮೆಕ್ಕೆಜೋಳದ ಚೀಲ ಹಾಕಿ ತೂಗಿ ನೋಡೋಣ ಎಂದೆ. ಅವರು ಬೇಡ ಅಂದರು.

"ನಾಳೆ ಕಲ್ಲ ಹಾಕೂದ ಐತೆಲ್ಲ. ಹಿರ್ಯಾರು ಸುಮ್ನ ಇಟ್ಟಾರೇನು ಅದನ್ನ? ಮುರದ್ರ ಕಲ್ಲ ಬೀಳ್ತೈತಿ, ಕೂಸ ಬೀಳಂಗಿಲ್ಲ."

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹೆಸರಿಡುವ ದಿನ ತೊಟ್ಟಿಲಿನಲ್ಲಿ ಮೊದಲು ಮಲಗುವುದು ಕೂಸಲ್ಲ, ಖಾರ ಅರೆಯುವ ಗುಂಡಕಲ್ಲು. ಅದಕ್ಕೆ ಕೂಸಿನ ಟೊಪ್ಪಿಗೆ, ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ, ಮಲಗಿಸಿ ತೂಗುತ್ತಾರೆ. ನಾನು ಅದನ್ನು ಹೆಂಗಸರ ಆಟ ಅಂದುಕೊಂಡೇ ಬೆಳೆದವನು.

ಹದಿಮೂರನೆಯ ದಿನ ಅಕ್ಕಾರ ಮನೆ ತುಂಬ ಹೆಂಗಸರು. ಹಿರೇಕೆರೂರಿನಿಂದ ಬೀಗರು ಬಂದಿದ್ದರು. ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲೆ, ನಾನು ಬಾಗಿಲಿನ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ. ಕಪ್ಪಾಗಿ ಹೊಳೆಯುತ್ತಿದ್ದ ಗೂಟವನ್ನು ಬೀಗಿತ್ತಿ ಮೊದಲೇ ನೋಡಿಬಿಟ್ಟರು.

"ಇದೇನ್ರಿ, ತೊಟ್ಟಿಲಕ್ಕ ಜಡ್ಡ ಆಗೇತೇನು?"

"ಆಗಿತ್ರಿ," ಅಂದರು ಅಕ್ಕಾರು. "ಸರ ಔಷಧ ಕ್ವಟ್ಟಾರ."

ಎಲ್ಲರೂ ನನ್ನ ಕಡೆ ತಿರುಗಿದರು. ಕೆಟ್ಟಿದ್ದೂ ನನ್ನಿಂದಲೇ ಎಂಬುದನ್ನು ಅವರು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಯಾರ ಮುಂದೂ ಹೇಳಲಿಲ್ಲ. ಕುಂಚಿಗೆ ತೊಟ್ಟ ಕಲ್ಲನ್ನು ಎತ್ತಿಕೊಂಡು, "ಸರ, ಒಳಗ ಬರ್ರಿ. ಕಲ್ಲ ನೀವ ಹಾಕ್ರಿ," ಅಂದರು.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಗಂಡಸರು ಹಾಕ್ತಾರೇನ ಯಕ್ಕಾ!" ಎಂದು ಯಾರೋ ಕೂಗಿದರು. ಅಕ್ಕಾರು ನಗಲಿಲ್ಲ, ಕಲ್ಲನ್ನು ನನ್ನ ಕಡೆ ಚಾಚಿಕೊಂಡೇ ನಿಂತಿದ್ದರು. ಹೋದೆ. ಆ ಕಲ್ಲು ಕೂಸಿಗಿಂತ ಎಷ್ಟೋ ಭಾರ. ಬಗ್ಗಿ ಮಲಗಿಸಿ, ಕೈ ಬಿಡುವಾಗ ಕಣ್ಣು ಮುಚ್ಚಿಕೊಂಡೆ. ಸರಪಳಿ ಕಿರ್ ಎಂದಿತು. ಆಮೇಲೆ ಸದ್ದಿಲ್ಲ. ಕಣ್ಣು ತೆರೆದರೆ ಕಲ್ಲಿನ ಗುಂಡಪ್ಪ ಸುಖವಾಗಿ ಮಲಗಿದ್ದ. ಅಕ್ಕಾರು ತೊಟ್ಟಿಲು ತೂಗಿದರು, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಮತ್ತೊಮ್ಮೆ ಇನ್ನೂ ಜೋರಾಗಿ. ಹುಳ ತಿಂದ ಗೂಟ ಮಿಸುಕಲಿಲ್ಲ.

ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕಿದರು. ಸೋದರತ್ತೆ ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಿದಳು, ಉಳಿದವರು ಅವಳ ಬೆನ್ನಿಗೆ ದಬದಬ ಗುದ್ದಿದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಕೈಯಲ್ಲಿ ಗುಗ್ಗರಿ ಹಿಡಿದುಕೊಂಡು ಸುಮ್ಮನೆ ಅತ್ತೆ. ಬೀಗರೊಬ್ಬರು, "ಖಾರ ಜಾಸ್ತಿ ಆಗೇತೇನ್ರಿ?" ಎಂದು ಕೇಳಿದರು. ಹೌದು ಅಂದೆ.

ಅಕ್ಕಾರು ಕೆಲಸಕ್ಕೆ ಮರಳಿದ ದಿನ ಎಲ್ಲ ಬಾಟಲಿಗಳ ಕೊರಳಿಗೂ ಮತ್ತೆ ದಾರ ಬಂತು. ನಾನು ಕತ್ತರಿಯನ್ನು ಮನೆಗೆ ಒಯ್ದೆ. ಮುಂದಿನ ತಪಾಸಣೆಯವರು "ಇದೇನಿದು?" ಎಂದು ಹುಬ್ಬು ಗಂಟಿಕ್ಕಿದಾಗ, "ನಮ್ಮ ಪ್ರಯೋಗಾಲಯದ ಪದ್ಧತಿ," ಎಂದೆ. ಬಾಗಿಲ ಬಳಿಯ ಸ್ಟೂಲಿನ ಕಡೆ ನೋಡಿದೆ, ಸೆರಗು ಮೂಗಿಗೆ ಹೋಗಿರಲಿಲ್ಲ.

ಆದರೂ ನನಗೊಂದು ಕೊರಗು ಉಳಿಯಿತು. ಅವರು ನಿವೃತ್ತರಾಗುವವರೆಗೆ ಮತ್ತೆ ಎರಡು ವರ್ಷ ಜೊತೆಗಿದ್ದೆವು. ತೊಟ್ಟಿಲಿನ ಮಾತು ಒಮ್ಮೆಯೂ ಬರಲಿಲ್ಲ. ನಾನು ತಂದ ಪ್ರತಿ ಹೊಸ ಬಾಟಲಿಯನ್ನು "ನೋಡೂಣು ತಡೀರಿ" ಎಂದು ಮೈಲುತುತ್ತಕ್ಕೆ ಹಚ್ಚುತ್ತಿದ್ದರು. ಅದು ಅವರ ಎಂದಿನ ಪದ್ಧತಿಯೇ, ನನಗೆ ಮಾತ್ರ ನನ್ನನ್ನೇ ಹಚ್ಚಿ ನೋಡುತ್ತಿದ್ದಾರೆ ಅನಿಸುತ್ತಿತ್ತು. ಕ್ಷಮಿಸಿದ್ದಾರೋ ಇಲ್ಲವೋ ತಿಳಿಯಲಿಲ್ಲ, ಕೇಳಲು ಬಾಯಿ ಬರಲಿಲ್ಲ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಮೈಲುತುತ್ತದ ಡಬ್ಬಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟು ಆಡೂರಿನ ಬಸ್ಸು ಹತ್ತಿದರು. ಈ ವರ್ಷ ಎದೆನೋವೆಂದು ಮಲಗಿದವರು ಏಳಲಿಲ್ಲ.

ಕಳೆದ ವಾರ ಅವರ ಮಗಳು ಹಿರೇಕೆರೂರಿನಿಂದ ಫೋನು ಮಾಡಿದ್ದಳು. ನಾದಿನಿಗೆ ಗಂಡು ಹುಟ್ಟಿದೆಯಂತೆ, ಶಿಗ್ಗಾಂವಿ ಕಡೆ ತಡಸದಲ್ಲಿ. ತೊಟ್ಟಿಲು ಕೇಳಿದವರಿಗೆ ಇಲ್ಲ ಅನ್ನಬಾರದು, ಕಳಿಸುವ ಮೊದಲು ಬಣ್ಣ ಹಚ್ಚಿಸುತ್ತಿದ್ದಾಳೆ. ಬಣ್ಣದವನು ಸರಪಳಿ ಬಿಚ್ಚಿ ಒರೆಸುವಾಗ ಏನೋ ಸಿಕ್ಕಿದೆಯಂತೆ.

"ಸರ, ನೀವು ಔಷಧ ಹಾಕಿದ ಗೂಟ ಐತೆಲ್ರಿ, ಅದರ ಕೊಂಡಿ ಬುಡಕ್ಕ ಒಂದ ಬಿಳೀ ದಾರ ಕಟ್ಟೈತ್ರಿ. ಅವ್ವನ ಕಟ್ಟಿರಬೇಕು. ಬಣ್ಣದಾಂವ ಕತ್ತರಿಸಲ್ಯಾ ಅಂತ ಕೇಳಾಕತ್ತಾನ್ರಿ."

ನಾನು ಪ್ರಯೋಗಾಲಯದಲ್ಲೇ ಇದ್ದೆ. ಎದ್ದು ನಿಂತೆ.

"ಬಾಲ ಇಳಿಬಿಟ್ಟಾರೇನು ನೋಡವಾ."

"ಹೌದ್ರಿ, ಸರಪಳಿಯೊಳಗ ಸುತ್ತಿಕೊಂಡಿತ್ರಿ. ಬಿಡಿಸಿದ್ರ ಒಂದ ಗೇಣ ಐತ್ರಿ."

"ಬಾಲಕ್ಕ ಗಂಟ ಎಷ್ಟವ?"

ಅವಳು ಫೋನು ಕೆಳಗಿಟ್ಟು ನೋಡಲು ಹೋದಳು. ಕೂಸು, ಈಗ ಓಡಾಡುವ ಹುಡುಗಿ, ಹಿಂದೆ ಏನೋ ಹಟ ಮಾಡುವುದು ಕೇಳುತ್ತಿತ್ತು. ಆಮೇಲೆ ಅವಳ ದನಿ ಬಂತು.

"ಗಂಟ ಒಂದೂ ಇಲ್ರಿ ಸರ. ಬರೇ ದಾರ ಐತಿ."

ಕತ್ತರಿಸಬ್ಯಾಡ ಅಂತ ಹೇಳವಾ, ಅಂದೆ.